ಐದೂವರೆಯ ಕೊನೆಯ ಗುಂಪು

"ಎರಡು ರಾತ್ರಿ ಯಾಕೆ?" ಎಂದ ಲೆಯಾರ್ಕೊ, ಟೀವಿಯ ಸೈಕಲ್ ರೇಸಿನಿಂದ ಕಣ್ಣು ತೆಗೆಯದೆ. "ಒಂದು ಸಾಲ್ದಾ? ಮಾಂತೊವಾ ಏನು ಚೀನಾದಲ್ಲಿದೆಯಾ?"

ಯೋಲೆ ಅಡುಗೆಮನೆಯ ಮೇಜಿನ ಮೇಲೆ ಬಾಗಿ ಹಳೆಯ ಕಾಗದವೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಶುಕ್ರವಾರ: ಹತ್ತರ ರೈಲು. ಕೆರೆಯ ಕಡೆ ಕಿಟಕಿ ಇರುವ ಕೋಣೆ. ಊಟ, ನಿದ್ದೆ. ಸಂಜೆ ಕೆರೆಯ ದಂಡೆ. ಶನಿವಾರ: ಅರಮನೆ. ಭಾನುವಾರದ ಮುಂದೆ ಏನೂ ಬರೆದಿರಲಿಲ್ಲ. ಬರೆಯದೆ ಬಿಟ್ಟ ಆ ಜಾಗವೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗಿತ್ತು.

"ಚೀನಾದಲ್ಲಿಲ್ಲ. ಐವತ್ತು ನಿಮಿಷ. ಅದಕ್ಕೇ ನಲವತ್ತಾರು ವರ್ಷದಲ್ಲಿ ಒಂದ್ಸಲಾನೂ ನನ್ನ ಕರ್ಕೊಂಡು ಹೋಗ್ಲಿಲ್ಲ ನೀನು."

"ನಾನೇ ನಾನೂರು ಸಲ ಹೋಗಿದೀನಿ."

"ಹೋಗಿ ಏನು ನೋಡ್ದೆ?"

ಅವನು ಸ್ವಲ್ಪ ಯೋಚಿಸಿದ. "ಚೆಸರೀನೊನ ಹೋಟ್ಲು," ಎಂದ. ತಾನು ಹೇಳಿದ್ದಕ್ಕೆ ತಾನೇ ನಕ್ಕ. ಯೋಲೆಗೂ ನಗು ಬಂತು.

ಮಾತು ನಿಜವೇ ಆಗಿತ್ತು. ಇಪ್ಪತ್ತೇಳು ವರ್ಷ ಲೆಯಾರ್ಕೊನ ಕೆಲಸ ಅದು. ಪಿಂಚಣಿಯವರನ್ನು ಬಸ್ಸಿನಲ್ಲಿ ತುಂಬಿಕೊಂಡು ಒಂದೊಂದು ದಿನ ಒಂದೊಂದು ಊರಿಗೆ ಹೊರಡುವುದು. ಟಿಕೆಟ್ಟು ಅಗ್ಗ, ಊಟ ಪುಕ್ಕಟೆ. ಆದರೆ ಊರು ತಲುಪುವ ಮುನ್ನ ಬಸ್ಸು ಯಾವುದೋ ಹೆದ್ದಾರಿ ಹೋಟೆಲಿನ ಹಿಂದೆ ನಿಲ್ಲುತ್ತಿತ್ತು. ಅಲ್ಲಿಯ ಸಭಾಂಗಣದಲ್ಲಿ ಎರಡು ಗಂಟೆ ಉಣ್ಣೆಯ ಹಾಸಿಗೆ, ಸ್ಟೀಲಿನ ಪಾತ್ರೆಗಳ ಪ್ರದರ್ಶನ. ಮಾತಾಡುವವನು ಲೆಯಾರ್ಕೊ. ಆಮೇಲೆ ಊಟ. ಹೊತ್ತು ಉಳಿದರೆ ಊರು. ಹೊತ್ತು ಉಳಿಯುವುದು ಅಪರೂಪ. ಅವರ ಊರು ಕಾರ್ಪಿಯ ಎಷ್ಟೋ ಅಜ್ಜಿಯರು ವೆರೋನಾ ನೋಡಿದ್ದೇವೆ, ಫೆರಾರಾ ನೋಡಿದ್ದೇವೆ ಎಂದು ಹೇಳಿಕೊಂಡೇ ಕಣ್ಣು ಮುಚ್ಚಿದರು. ಅವರ ಮನೆಗಳಲ್ಲಿ ಹಾಸಿಗೆ ಮಾತ್ರ ಉಳಿದಿತ್ತು.

ಯೋಲೆ ಆ ಬಸ್ಸು ಹತ್ತಿದವಳಲ್ಲ. ಅವಳದು ಮನೆಯಲ್ಲೇ ಹೆಣಿಗೆ ಯಂತ್ರದ ಕೆಲಸ. ಬೆಳಗಾದರೆ ನೂಲು, ಸಂಜೆಯಾದರೆ ಸ್ವೆಟರಿನ ತೋಳುಗಳ ರಾಶಿ. ರಾತ್ರಿ ಗಂಡ ಬರುವ ಹೊತ್ತಿಗೆ ಅವನ ಗಂಟಲು ಕಟ್ಟಿರುತ್ತಿತ್ತು. "ಸೂಪಿದೆಯಾ?" ಎನ್ನುವಷ್ಟೇ ದನಿ ಮನೆಗೆಂದು ಉಳಿಯುತ್ತಿತ್ತು. ಅವಳು ದೂರಲಿಲ್ಲ. ದುಡಿಯುವ ಮನುಷ್ಯ, ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಆದರೂ ಹಿತ್ತಲಿನ ರೈಲು ಹಳಿಯ ಮೇಲೆ ಗಂಟೆಗೊಂದು ಸಲ ಮಾಂತೊವಾ ಗಾಡಿ ಹಾದುಹೋದಾಗ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಹನ್ನೆರಡರ ಗಾಡಿಗೆ ಒಲೆಯ ಮೇಲೆ ನೀರಿಡುವುದು, ಆರರ ಗಾಡಿಗೆ ಯಂತ್ರ ಮುಚ್ಚುವುದು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಆ ಗಾಡಿ ಅವಳಿಗೆ ಗಡಿಯಾರವಾಯಿತೇ ಹೊರತು ಗಾಡಿಯಾಗಲೇ ಇಲ್ಲ.

ನೂಲಿನ ಅಂಗಡಿಯವನು ಒಂದು ವರ್ಷ ಕೊಟ್ಟ ಕ್ಯಾಲೆಂಡರಿನಲ್ಲಿ ಮೇ ತಿಂಗಳಿಗೆ ಮಾಂತೊವಾ ಅರಮನೆಯ ಒಂದು ಕೋಣೆಯ ಚಾವಣಿಯ ಚಿತ್ರವಿತ್ತು. ಚಾವಣಿಯ ನಡುವೆ ದುಂಡನೆಯ ಕಂಡಿ, ಅದರಾಚೆ ಆಕಾಶ, ಬಿಳಿ ಮೋಡ. ಎಲ್ಲವೂ ಬಣ್ಣದಲ್ಲಿ ಬರೆದದ್ದು. ಕಂಡಿಯ ಕಟಾಂಜನಕ್ಕೆ ಒರಗಿ ಕೆಲವು ಹೆಂಗಸರು ಕೆಳಗೆ ಇಣುಕುತ್ತಿದ್ದಾರೆ. ಅವರ ಪಕ್ಕದಲ್ಲಿ, ಅಡ್ಡ ಇಟ್ಟ ಒಂದು ಕೋಲಿನ ಮೇಲೆ, ಗಿಡದ ದೊಡ್ಡ ಕುಂಡ, ಈಗ ಬಿದ್ದೀತು, ಆಗ ಬಿದ್ದೀತು ಎನ್ನುವಂತೆ. ಒಬ್ಬಳ ತುಟಿಯಲ್ಲಿ ನಗು. ವರ್ಷ ಮುಗಿದರೂ ಯೋಲೆ ಆ ಹಾಳೆಯನ್ನು ಯಂತ್ರದ ಮೇಲಿನ ಗೋಡೆಯಿಂದ ತೆಗೆಯಲಿಲ್ಲ. ಸೂಜಿಗಳು ಸಿಕ್ಕಿಕೊಂಡು ಅಳು ಬರುವ ದಿನಗಳಲ್ಲಿ ತಲೆಯೆತ್ತಿ, "ಏನ್ರೇ, ಯಾರನ್ನ ನೋಡಿ ನಗ್ತಿದೀರ?" ಎಂದು ಕೇಳುತ್ತಿದ್ದಳು. ಈಗ ಅವಳು ಪಟ್ಟಿ ಬರೆಯುತ್ತಿದ್ದುದು ಅದೇ ಹಾಳೆಯ ಹಿಂಬದಿಯಲ್ಲಿ. ಆ ಕಂಡಿಯ ಕೆಳಗೆ ನಿಂತು ಒಮ್ಮೆ ಮೇಲೆ ನೋಡಬೇಕು. ಪಕ್ಕದಲ್ಲಿ ಲೆಯಾರ್ಕೊ ಇರಬೇಕು. ಯಾರಿಗೂ ಏನೂ ಹೇಳಬೇಕಾಗಿಲ್ಲದ ಲೆಯಾರ್ಕೊ. ಅವಳಿಗೆ ಬೇಕಾಗಿದ್ದುದು ಇಷ್ಟೇ.

ಅರಮನೆಗೆ ಅವಳೇ ಫೋನು ಮಾಡಿದಳು. ಟಿಕೆಟ್ಟಿನ ಹೆಂಗಸು ತಾಳ್ಮೆಯವಳು.

"ಆ ಕೋಣೇಲಿ ಒಂದು ಗುಂಪಿಗೆ ಹತ್ತೇ ನಿಮಿಷ ಅಮ್ಮ. ಶನಿವಾರ ಎಷ್ಟು ಗಂಟೆಗೆ ಬರೆದುಕೊಳ್ಳಲಿ?"

"ಹತ್ತು ನಿಮಿಷನಾ?" ಎಂದಳು ಯೋಲೆ. ಅವಳ ದನಿ ಅವಳಿಗೇ ತಿಳಿಯದೆ ಇಳಿದಿರಬೇಕು.

ಆ ಕಡೆ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ಆ ಹೆಂಗಸು ಮೆಲ್ಲಗೆ, "ಒಂದು ಕೆಲಸ ಮಾಡಿ. ಐದೂವರೆಯ ಗುಂಪಿಗೆ ಬನ್ನಿ. ಅದೇ ಕೊನೇದು. ಹಿಂದೆ ಯಾರೂ ಕಾಯ್ತಿರಲ್ಲ. ಕಾವಲಿನವರು ಬೀಗದ ಕೈ ಹುಡುಕೋವಷ್ಟು ಹೊತ್ತು ನೀವು ನಿಂತೇ ಇರಬಹುದು," ಎಂದಳು.

ಮುಖ ಕಾಣದ ಆ ಹೆಂಗಸಿನ ಮೇಲೆ ಯೋಲೆಗೆ ಎಷ್ಟು ಪ್ರೀತಿ ಬಂತೆಂದರೆ, ಫೋನಿಟ್ಟ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

*

ಕೆಟ್ಟದ್ದು ಶುರುವಾದದ್ದು ಕಾಫಿ ಬಾರಿನಲ್ಲಿ. ಇಸ್ಪೀಟಾಡುತ್ತ ಲೆಯಾರ್ಕೊ, "ಮುಂದಿನ ವಾರ ನಾನಿರಲ್ಲ, ಮಾಂತೊವಾಕ್ಕೆ ಹೋಗ್ತಿದೀನಿ," ಎಂದನಂತೆ. ಪಕ್ಕದ ಮೇಜಿನ ಹೆಂಗಸರು ಕಿವಿ ನಿಮಿರಿಸಿದರಂತೆ.

"ಏನು, ಲೆಯಾರ್ಕೊ ಮತ್ತೆ ಬಸ್ಸು ಬಿಡ್ತಾನಾ?"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೆಲಸ ಬಿಟ್ಟು ನಾಲ್ಕು ವರ್ಷ, ಅವನು ಟೀವಿಯ ಸುದ್ದಿಯವನಿಗೆ ಎದುರುತ್ತರ ಕೊಟ್ಟುಕೊಂಡು ಕಾಲ ಕಳೆದಿದ್ದ. ಎಂಟು ಜನ ಹೆಂಗಸರು ಒಟ್ಟಿಗೆ ತನ್ನ ಕಡೆ ತಿರುಗಿ ಕೂತದ್ದನ್ನು ಅವನು ಎಷ್ಟು ದಿನದ ಮೇಲೆ ಕಂಡಿದ್ದನೋ.

ಅಂದು ಮಧ್ಯಾಹ್ನ ಮನೆಗೆ ಬಂದಾಗ ಅವನ ಕೆನ್ನೆ ಕೆಂಪಾಗಿತ್ತು.

"ಶುಕ್ರವಾರದ ಬದಲು ಶನಿವಾರ ಹೋಗೋಣ," ಎಂದ. "ಬಸ್ಸಿದೆ. ಪುಕ್ಕಟೆ. ಹಳೇ ಕಂಪನಿಗೆ ಒಂದು ಫೋನ್ ಮಾಡ್ದೆ, ನಲವತ್ತು ಜನ ಕೂಡಿಸು, ಬಸ್ಸು ನಮ್ದು ಅಂದ್ರು."

"ನಲವತ್ತು ಜನ," ಎಂದಳು ಯೋಲೆ.

"ಅವರೆಲ್ಲ ಸಂಜೆ ವಾಪಸ್ ಬರ್ತಾರೆ ಕಣೇ. ನಾವಿಬ್ರು ಇಳ್ಕೊಳ್ಳೋದು. ನಿನ್ನ ಕೆರೆ ಕಿಟಕಿ ಕೋಣೆ ಎಲ್ಲಿಗೂ ಓಡಿಹೋಗಲ್ಲ."

"ಮತ್ತೆ ಹಾಸಿಗೆ?"

"ಹಾಸಿಗೆ ಬೆಳಿಗ್ಗೆ ಒಂದು ಗಂಟೆ. ಅದೂ ನಾನಲ್ಲ, ಯಾವಳೋ ಹುಡುಗಿ ಬರ್ತಾಳಂತೆ. ನಾನು ಸುಮ್ನೆ ಕೂತಿರ್ತೀನಿ, ದೊರೆ ಥರ."

ಅವಳು ಬೇಡ ಎನ್ನಲು ಬಾಯಿ ತೆರೆದಳು. ಆದರೆ ಅವನು ಕನ್ನಡಿಯ ಮುಂದೆ ನಿಂತು, ವಾರದ ನಡುವೆ ಎಂದೂ ಮಾಡದವನು, ಮುಖಕ್ಕೆ ಸೋಪು ಹಚ್ಚಿಕೊಳ್ಳುತ್ತ ಏನೋ ಗುನುಗುತ್ತಿದ್ದ. ಆ ಗುನುಗು ಮನೆಯಲ್ಲಿ ಕೇಳಿ ವರ್ಷಗಳಾಗಿದ್ದವು. ಅವಳು ಪಟ್ಟಿಯಲ್ಲಿ ಶುಕ್ರವಾರವನ್ನು ಅಳಿಸಿದಳು. ಪೆನ್ಸಿಲಿನಲ್ಲಿ ಬರೆದದ್ದು ಒಳ್ಳೆಯದಾಯಿತು.

ಮರುದಿನ ಪಕ್ಕದ ಮನೆಯ ವಿಧವೆ ಆಫ್ರಾ ಒಂದು ತಟ್ಟೆ ಚೆರ್ರಿ ಹಣ್ಣು ಹಿಡಿದು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ನಾನೂ ಹೆಸರು ಕೊಟ್ಟುಬಿಟ್ಟೆ ಯೋಲೆ. ಆಮೇಲೆ ನೆನಪಾಯ್ತು. ನೀನು ಚಳಿಗಾಲದಿಂದ ಹೇಳ್ತಿದ್ಯಲ್ಲ, ಇಬ್ರೇ ಹೋಗ್ಬೇಕು ಅಂತ. ನೀನು ಹ್ಞೂಂ ಅಂದ್ರೆ ಈಗ್ಲೇ ಹೆಸರು ತೆಗೆಸ್ತೀನಿ. ನಾನು ತೆಗೆಸಿದ್ರೆ ಇನ್ನೂ ನಾಲ್ಕು ಜನ ತೆಗೆಸ್ತಾರೆ."

ಹ್ಞೂಂ ಎನ್ನಬಹುದಿತ್ತು. ಆಫ್ರಾ ಅದಕ್ಕಾಗಿಯೇ ಬಂದಿದ್ದಳು. ಆದರೆ ಅವಳು ಗಂಡ ತೀರಿಕೊಂಡ ಮೇಲೆ ಸಂತೆ ಬಿಟ್ಟು ಬೇರೆಲ್ಲಿಗೂ ಹೋಗಿರಲಿಲ್ಲ. ಆಗಲೇ ತಲೆಗೂದಲು ಕತ್ತರಿಸಿಕೊಂಡು ಬಂದಿದ್ದಳು, ಬಸ್ಸಿಗೆಂದು.

"ಬಾರೇ, ಪರವಾಗಿಲ್ಲ," ಎಂದಳು ಯೋಲೆ. "ಒಂದು ರಾತ್ರಿ ಹೇಗೂ ನಮ್ಮಿಬ್ಬರದೇ."

*

ಶನಿವಾರ ಪೋಪ್ಲಾರ್ ಮರಗಳ ಬಿಳಿಯ ಹತ್ತಿ ಗಾಳಿಯಲ್ಲೆಲ್ಲ ತೇಲುತ್ತಿತ್ತು. ಬಸ್ಸಿನಲ್ಲಿ ಲೆಯಾರ್ಕೊ ಸೀಟಿನಿಂದ ಸೀಟಿಗೆ ನಡೆದ. ಒಬ್ಬಳ ಮೊಣಕಾಲು ವಿಚಾರಿಸಿದ, ಇನ್ನೊಬ್ಬಳ ಟೋಪಿ ಹೊಗಳಿದ, ಸೊಲಿಯೇರಾದಿಂದ ಬಂದ ಮುದುಕಿಗೆ ಮುಂದೆ ಕಿಟಕಿ ಸೀಟು ಕೊಡಿಸಿದ. ಯೋಲೆಯ ಪಕ್ಕದ ಸೀಟಿನಲ್ಲಿ ಕೊನೆಯವರೆಗೂ ಅವನ ಕೋಟು ಮಾತ್ರ ಕೂತಿತ್ತು.

ಮಾಂತೊವಾ ಇನ್ನೂ ಒಂಬತ್ತು ಕಿಲೋಮೀಟರು ಇರುವಾಗ ಬಸ್ಸು ಚೆಸರೀನೊನ ಹೋಟೆಲಿನ ಹಿಂದೆ ತಿರುಗಿ ನಿಂತಿತು. ಚಾಲಕ ಒಳ್ಳೆಯವನು, ಇವರು ರಾತ್ರಿ ಉಳಿಯುವವರೆಂದು ಕೇಳದೆಯೇ ಬಸ್ಸಿನ ಕೆಳಗಿನ ಸಾಮಾನಿನ ಗೂಡು ತೆರೆದು ಯೋಲೆಯ ಚಿಕ್ಕ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದ.

"ಇರ್ಲಿ ಬಿಡು, ಅದನ್ನ ಇಳಿಸ್ಬೇಡ," ಎಂದ ಲೆಯಾರ್ಕೊ.

ಯೋಲೆ ಅವನ ಮುಖ ನೋಡಿದಳು.

"ನಾಳೆ ಗುವಸ್ತಾಲಾದಲ್ಲಿ ಇನ್ನೊಂದು ಗುಂಪಿದೆಯಂತೆ," ಎಂದ ಅವನು, ಕೋಟಿನ ಮೇಲಿನ ಹತ್ತಿಯನ್ನು ಒಂದೊಂದಾಗಿ ಆರಿಸುತ್ತ. "ಒಂದ್ಸಲ ಬಂದು ಕೂತಿರಿ ಸಾಕು, ಅಂದ್ರು ಕಂಪನಿಯವರು. ಮರ್ಯಾದೆಯಿಂದ ಕೇಳ್ದಾಗ ಹೇಗೆ ಇಲ್ಲ ಅನ್ನೋದು? ಆ ಕೆರೆ ಕಿಟಕಿ ಕೋಣೆ ಹೆಂಗಸಿಗೆ ಗುರುವಾರಾನೇ ಫೋನ್ ಮಾಡಿ ಬೇಡ ಅಂದೆ. ಪಾಪ, ಏನೂ ಅನ್ಲಿಲ್ಲ ಅವಳು."

"ಗುರುವಾರ," ಎಂದಳು ಯೋಲೆ. ಶುಕ್ರವಾರ ಸಂಜೆ ಅವಳು ಅವನ ಪೈಜಾಮ ಇಸ್ತ್ರಿ ಮಾಡಿ ಆ ಸೂಟ್‌ಕೇಸಿನಲ್ಲಿ ಮಡಿಸಿಟ್ಟಿದ್ದಳು. ಅವನು ಅಲ್ಲೇ ನಿಂತು ನೋಡುತ್ತಿದ್ದ.

"ಅರಮನೆ ಎಲ್ಲೂ ಹೋಗಲ್ಲ ಕಣೇ. ಐದೂವರೆ ತಾನೆ? ಊಟ ಮುಗ್ಸಿ ಮೂರಕ್ಕೆ ಹೊರಟ್ರೂ ಎರಡು ಸಲ ನೋಡ್ಬಹುದು."

ಚಾಲಕ ಸೂಟ್‌ಕೇಸನ್ನು ಒಳಗೆ ತಳ್ಳಿದ. ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

ಹಾಸಿಗೆ ತೋರಿಸಬೇಕಾದ ಸಬ್ರೀನಾ ಹನ್ನೆರಡೂವರೆಗೆ ಬಂದಳು. ದಾರಿಯಲ್ಲಿ ಲಾರಿಯೊಂದು ಅಡ್ಡ ಬಿದ್ದಿತ್ತಂತೆ. ಹಾಗಾಗಿ ಊಟ ಮೊದಲಾಯಿತು. ಕುಂಬಳಕಾಯಿ ಹೂರಣದ ತೊರ್ತೆಲ್ಲಿ ಕಡುಬು ಉಗುರು ಬೆಚ್ಚಗಿತ್ತು, ವೈನು ಹುಳಿಯಾಗಿತ್ತು, ಯಾರೂ ತಟ್ಟೆಯಲ್ಲಿ ಬಿಡಲಿಲ್ಲ. ಮೂರು ಗಂಟೆಗೆ ಸಬ್ರೀನಾ ಎದ್ದು ನಿಂತಳು. ಮೂವತ್ತರ ಹೆಣ್ಣು, ಕೈಯಲ್ಲಿ ಕಾಗದ. ಸ್ಪ್ರಿಂಗು, ಪದರ, ಗ್ಯಾರಂಟಿ ಎಂದು ಓದುತ್ತಲೇ ಹೋದಳು. ಉಂಡ ಮೈಗಳು ತೂಕಡಿಸಿದವು. ಹಿಂದಿನ ಮೇಜಿನವರು ಇಸ್ಪೀಟು ತೆಗೆದರು. ನಾಲ್ಕಾಗುವ ಹೊತ್ತಿಗೆ ಒಬ್ಬರೂ ಹಾಸಿಗೆಗೆ ಹೆಸರು ಬರೆಸಿರಲಿಲ್ಲ. ಹುಡುಗಿಯ ಕುತ್ತಿಗೆಯಲ್ಲಿ ಕೆಂಪು ಮಚ್ಚೆಗಳೆದ್ದವು.

ಲೆಯಾರ್ಕೊನ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಿದ್ದುದನ್ನು ಯೋಲೆ ನೋಡುತ್ತಿದ್ದಳು. ಅವನ ಮೊಣಕೈ ಹಿಡಿದಳು.

"ಲೆಯಾರ್ಕೊ. ನಾಲ್ಕಾಯ್ತು."

"ಐದು ನಿಮಿಷ. ಪಾಪ, ನೋಡು ಅವಳನ್ನ. ಬಾವಿಗೆ ಬಿದ್ದ ಬೆಕ್ಕಿನ ಹಾಗಿದಾಳೆ."

ಅವನು ಎದ್ದುಹೋಗಿ ಮೈಕು ಇಸಿದುಕೊಂಡ. ಇಸ್ಪೀಟು ನಿಂತಿತು.

ಅವನು ಹಾಸಿಗೆಯ ಮಾತು ಎತ್ತಲೇ ಇಲ್ಲ. ಮೊದಲು ತನ್ನ ಸೊಂಟವನ್ನು ತಮಾಷೆ ಮಾಡಿದ, ಆಮೇಲೆ ಚೆಸರೀನೊನ ವೈನನ್ನು. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಇಷ್ಟು ಹತ್ತಿರದಿಂದ, ಇಷ್ಟು ತುಂಬಿದ ಅವನ ದನಿಯನ್ನು ಯೋಲೆ ಕೇಳಿರಲಿಲ್ಲ. ನಾಲ್ಕೂವರೆ ಆಯಿತು. ಸಬ್ರೀನಾ ಗೋಡೆಯ ಪಕ್ಕದಿಂದ ಸರಿದು ಬಂದು ಯೋಲೆಯ ಕುರ್ಚಿಯ ಬಳಿ ಕುಕ್ಕರಿಸಿದಳು.

"ಆಂಟಿ, ನಿಮಗೆ ಐದೂವರೆಗೆ ಅರಮನೆ ಇದೆಯಂತೆ. ಆಫ್ರಾ ಅಮ್ಮ ಹೇಳಿದ್ರು. ಹೊರಗೆ ನನ್ನ ಕಾರಿದೆ. ಹದಿನೈದೇ ನಿಮಿಷ, ಬಿಟ್ಟು ಬರ್ತೀನಿ ಬನ್ನಿ."

ಯೋಲೆ ಚೀಲದಿಂದ ಟಿಕೆಟ್ಟಿನ ಕಾಗದ ತೆಗೆದಳು. ಇಬ್ಬರು ಎಂದು ಬರೆದಿತ್ತು.

"ಅವರು ಇನ್ನೇನು ಮುಗಿಸ್ತಾರೆ ಮಗಳೇ," ಎಂದಳು. "ಇಬ್ರೂ ಹೋಗ್ಬೇಕು."

ಸಬ್ರೀನಾ ಅವಳ ಕೈಯನ್ನು ಒಮ್ಮೆ ಒತ್ತಿ ಎದ್ದಳು.

ಆಗ ಲೆಯಾರ್ಕೊನ ದನಿ ತಗ್ಗಿತು.

"ಅಮ್ಮಂದಿರೇ, ನಾನು ಹಾಸಿಗೆ ಮಾರೋಕೆ ನಿಂತಿಲ್ಲ. ನನ್ನ ಹೆಂಡತಿ ವಿಷಯ ಹೇಳ್ಬೇಕು ಅಂತ ನಿಂತಿದೀನಿ. ಹೆಣಿಗೆ ಯಂತ್ರದ ಮುಂದೆ ಬಾಗಿ ಬಾಗಿ ಬೆನ್ನು ಸವೆಸಿದವಳು. ನಾನು ಮನೆ ಸೇರೋ ಹೊತ್ತಿಗೆ ನಿದ್ದೆ ಹೋಗಿರ್ತಿದ್ಲು. ದೀಪ ಹಾಕದೆ ಪಕ್ಕದಲ್ಲಿ ಕೂತು, ಅವಳ ಬೆನ್ನ ಮೇಲೆ ಹೀಗೆ ಕೈ ಇಡ್ತಿದ್ದೆ..."

ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಇಟ್ಟು ತೋರಿಸಿದ.

ಯೋಲೆಯ ಪಕ್ಕದಲ್ಲಿ ಸೊಲಿಯೇರಾದ ಮುದುಕಿ ಕೂತಿದ್ದಳು. ಅವಳ ತುಟಿಗಳು ಆಡುತ್ತಿದ್ದವು, ಚರ್ಚಿನಲ್ಲಿ ಪಾದ್ರಿಗಿಂತ ಅರ್ಧ ಮಾತು ಮುಂದೆ ಓಡುವ ಭಕ್ತರ ಹಾಗೆ. "ಒಂದೊಂದು ಮಣಿಯೂ ಕೈಗೆ ಸಿಗ್ತಿತ್ತು," ಎಂದು ತುಟಿ ಆಡಿತು. "ಒಂದೊಂದು ಮಣಿಯೂ ಕೈಗೆ ಸಿಗ್ತಿತ್ತು," ಎಂದ ಲೆಯಾರ್ಕೊ.

"ಈಗ ಕರ್ಚೀಫು ತೆಗೀತಾನೆ, ನೋಡ್ತಿರು," ಎಂದು ಮುದುಕಿ ಯೋಲೆಯ ಕಿವಿಯಲ್ಲಿ ಪಿಸುಗುಟ್ಟಿದಳು. "ಹದಿನೈದು ವರ್ಷದ ಹಿಂದೆ ಗಾರ್ದಾ ಕೆರೆಗೆ ಹೋದಾಗ್ಲೂ ಈ ಮಾತಿಗೇ ತೆಗೆದ. ಚೆನ್ನಾಗಿ ಅಳ್ತಾನೆ. ನಾನು ಡಬಲ್ ಹಾಸಿಗೆ ತಗೊಂಡ್ಬಿಟ್ಟೆ, ಮಲಗೋಕೆ ಒಬ್ಳೇ ಆದ್ರೂನು."

"ಹೇಗಿದೆ ಹಾಸಿಗೆ?" ಎಂದು ಕೇಳಿದಳು ಯೋಲೆ.

"ಹಾಸಿಗೆ ಸುಮಾರು. ಆ ಹೆಂಡ್ತಿ ಮಾತ್ರ ಪುಣ್ಯ ಮಾಡಿದ್ಲು ನೋಡು."

ಲೆಯಾರ್ಕೊ ಕರ್ಚೀಫು ತೆಗೆದ. ಬೆಳಿಗ್ಗೆ ಅವಳೇ ಮಡಿಸಿಕೊಟ್ಟದ್ದು, ನೀಲಿ ಅಂಚಿನದು. ಆ ವರ್ಷಗಳಲ್ಲಿ ಅವನು ಸೂಪು ಕುಡಿದು ಮಲಗಲು ಬಂದಾಗ ಅವಳು ನಿದ್ದೆ ಹೋಗಿರುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಎಚ್ಚರವಾಗಿಯೇ ಮಲಗಿರುತ್ತಿದ್ದಳು. ಷೂಸು ಬಿಚ್ಚುವ ಸದ್ದು, ಬನಿಯನ್ ಕುರ್ಚಿಯ ಮೇಲೆ ಬೀಳುವ ಸದ್ದು, ಮಂಚ ಆ ಕಡೆ ತಗ್ಗುವುದು, ಎಲ್ಲವೂ ಅವಳಿಗೆ ಗೊತ್ತಾಗುತ್ತಿತ್ತು. ಬೆನ್ನ ಮೇಲೆ ಕೈ ಬಂದದ್ದು ಮಾತ್ರ ಇಲ್ಲ.

"ಇಷ್ಟು ವರ್ಷ ಅವಳ ವಿಷಯ ಬರೀ ಹೇಳ್ತಿದ್ದೆ," ಎಂದ ಲೆಯಾರ್ಕೊ. "ಇವತ್ತು ಅವಳೇ ಇಲ್ಲಿದಾಳೆ. ಯೋಲೆ! ಬಾ ಇಲ್ಲಿ. ನೀನೇ ಮಲಗಿ ಹೇಳು ಇವರಿಗೆ."

ಸೊಲಿಯೇರಾದ ಮುದುಕಿ ಬಾಯಿಗೆ ಕೈ ಹಚ್ಚಿಕೊಂಡಳು. ಸಭೆಯೆಲ್ಲ ಚಪ್ಪಾಳೆ. ಲೆಯಾರ್ಕೊನ ಕಣ್ಣುಗಳು ಹೊಳೆಯುತ್ತಿದ್ದವು, ಮತ್ತು ಅದು ಸುಳ್ಳಲ್ಲ ಎಂಬುದು ಯೋಲೆಗೆ ಕಂಡಿತು. ಅದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಅಡುಗೆಮನೆಯ ಬಾಗಿಲ ಮೇಲಿನ ಗಡಿಯಾರದಲ್ಲಿ ಐದು ಗಂಟೆ ಇಪ್ಪತ್ತು ನಿಮಿಷ. ಅವಳು ಎದ್ದಳು. ನಲವತ್ತು ಜನ ನೋಡುತ್ತಿರುವಾಗ ಕೈ ಚಾಚಿ ನಿಂತ ಗಂಡನನ್ನು ಹಾಗೇ ಬಿಟ್ಟು ಹೊರಗೆ ನಡೆಯುವುದು ಅವಳಿಗೆ ಗೊತ್ತಿರಲಿಲ್ಲ.

ಬೂಟು ಬಿಚ್ಚಬೇಕಾಯಿತು. ಕಾಲುಚೀಲದ ಹೆಬ್ಬೆರಳಿನಲ್ಲಿ ಒಂದು ಸಣ್ಣ ತೂತು. ಆಫ್ರಾ ಎಲ್ಲಿಂದಲೋ ಬಂದು ತನ್ನ ಶಾಲನ್ನು ಅವಳ ಪಾದಗಳ ಮೇಲೆ ಹೊದಿಸಿ, ಚೆಲ್ಲಾಪಿಲ್ಲಿ ಬಿದ್ದಿದ್ದ ಬೂಟುಗಳನ್ನು ಜೋಡಿಸಿ ಬಾಗಿಲ ಕಡೆ ಮುಖ ಮಾಡಿ ಇಟ್ಟಳು. ಯೋಲೆ ಮಲಗಿದಳು. ಹಾಸಿಗೆ ಮೆತ್ತಗಿತ್ತು. ಮೇಲೆ ಹಲಗೆಯ ಚಾವಣಿ. ನಡುವೆ ಎಂದೋ ನೀರು ಸೋರಿ ಆದ ದುಂಡನೆಯ ಕಲೆ.

"ಹೇಳು ಯೋಲೆ, ಹೇಗಿದೆ?" ಲೆಯಾರ್ಕೊ ಮೈಕನ್ನು ಅವಳ ತುಟಿಯ ಬಳಿ ಹಿಡಿದ.

ಅವಳ ಕಣ್ಣು ಆ ದುಂಡನೆಯ ಕಲೆಯ ಮೇಲೇ ಇತ್ತು.

"ನೋಡಿ, ಮಾತೇ ಬರ್ತಿಲ್ಲ!" ಎಂದ ಅವನು. "ಹತ್ತಿರ ಬನ್ನಿ ಅಮ್ಮಂದಿರೇ, ಬಂದು ನೋಡಿ."

ಕುರ್ಚಿಗಳು ಸರಿದವು. ಪ್ರದರ್ಶನಕ್ಕೆ ಬಂದದ್ದಕ್ಕೆಂದು ಎಲ್ಲರಿಗೂ ಒಂದೊಂದು ಸ್ಟೀಲಿನ ಪಾತ್ರೆ ಹಂಚಿದ್ದರು. ಅದನ್ನು ಬಿಟ್ಟು ಬಂದರೆ ಯಾರು ಎತ್ತಿಕೊಳ್ಳುತ್ತಾರೋ ಎಂದು ಹೆಂಗಸರು ಹಿಡಿದುಕೊಂಡೇ ಬಂದರು. ಹಾಸಿಗೆಯ ಸುತ್ತ ನೆರೆದರು. ಒಬ್ಬರ ಹಿಂದೊಬ್ಬರು ಬಾಗಿ ಇಣುಕಿದರು. ಯೋಲೆಯ ಕಣ್ಣ ಮೇಲೆ ಮುಖಗಳು ದುಂಡಗೆ ಕೂಡಿಕೊಂಡವು. ತೆರೆದ ಕಿಟಕಿಯಿಂದ ಬಂದ ಬಿಳಿಯ ಹತ್ತಿ ಅವುಗಳ ನಡುವೆ ತೇಲಿತು. ಎಲ್ಲೋ ಒಬ್ಬಳು ನಕ್ಕಳು. ಆಫ್ರಾ ಎಲ್ಲರಿಗಿಂತ ಹೆಚ್ಚು ಬಾಗಿದ್ದಳು, ಗೆಳತಿಗೆ ಏನಾಯಿತೋ ಎಂದು. ಅವಳ ಮೊಣಕೈಯ ಮೇಲಿದ್ದ ಪಾತ್ರೆ, ಈಗ ಬಿದ್ದೀತು, ಆಗ ಬಿದ್ದೀತು ಎನ್ನುವಂತೆ, ಈ ಕಡೆಗೆ ವಾಲುತ್ತಿತ್ತು. ಯೋಲೆ ಕಣ್ಣು ಮಿಟುಕಿಸದೆ, ಅದು ಬೀಳುವುದನ್ನೇ ಕಾಯುತ್ತ ಮಲಗಿದ್ದಳು.